ಜಗನ್ಮೋಹಿನಿಯ ಕೈಕೆಲಸ

ಒಲೆಯ ಮುಂದೆ ಒಬ್ಬಳು ಕೂತು ಅಡುಗೆ ಮಾಡುತ್ತಿದ್ದಾಳೆ. ಒಲೆಯೊಳಗೆ ಸೌದೆ ಇರಬೇಕಾದ ಜಾಗದಲ್ಲಿ ಅವಳದೇ ಕಾಲಿದೆ. ಕಾಲು ಉರಿಯುತ್ತದೆ, ಪಾತ್ರೆಯಲ್ಲಿದ್ದದ್ದು ಬೇಯುತ್ತದೆ, ಅವಳು ಮಾತ್ರ ನಿರಾಳವಾಗಿ ಕೂತಿದ್ದಾಳೆ. 1978ರಲ್ಲಿ ತೆರೆಕಂಡ ತೆಲುಗಿನ ‘ಜಗನ್ಮೋಹಿನಿ’ ಚಿತ್ರದ ಈ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನಾಯಕ ನರಸಿಂಹರಾಜು ಎಂಬುದು ಮರೆತುಹೋಗಿರುತ್ತದೆ, ಕಥೆಯ ಅರ್ಧ ಮರೆತುಹೋಗಿರುತ್ತದೆ. ಮೋಹಿನಿಯಾಗಿದ್ದ ಜಯಮಾಲಿನಿ ಒಲೆಗಿಟ್ಟ ಕಾಲು ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ. ತೆಲುಗು ಒಂದಕ್ಷರ ಬಾರದವರಿಗೂ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರ ಬಂದಾಗ ಹುಟ್ಟಿಯೇ ಇರದವರು ಇಂದು ಅದನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ.

ಈ ಚಿತ್ರ ಮಾಡಿದ ಬಿ. ವಿಠಲಾಚಾರ್ಯರನ್ನು ತೆಲುಗಿನವರು ‘ಜಾನಪದ ಬ್ರಹ್ಮ’ ಎಂದು ಕರೆದರು. ಆದರೆ ಅವರು ಹುಟ್ಟಿದ್ದು 1920ರಲ್ಲಿ, ಉಡುಪಿ ಬಳಿಯ ಉದ್ಯಾವರದಲ್ಲಿ. ಸಿನಿಮಾ ಕಲಿತದ್ದು ಅರಸೀಕೆರೆಯ ಸುತ್ತಮುತ್ತ. ಬೆಂಗಳೂರಿನಿಂದ ಹೊರಟ ರೈಲು ತುಮಕೂರು, ಗುಬ್ಬಿ ದಾಟಿ, ಅರಳಗುಪ್ಪೆಯ ಸಣ್ಣ ನಿಲ್ದಾಣವನ್ನು ಹಾದು, ತಿಪಟೂರಿನ ತೆಂಗಿನ ತೋಟಗಳ ನಡುವೆ ಸಾಗಿ ಅರಸೀಕೆರೆ ಸೇರುತ್ತದೆ. ದಕ್ಷಿಣ ಭಾರತದ ಮಾಯಾಜಾಲದ ಸಿನಿಮಾಕ್ಕೆ ಒಂದು ಪಾಠಶಾಲೆ ಇತ್ತೆಂದರೆ ಅದು ಈ ಹಾದಿಯ ಕೊನೆಯಲ್ಲಿತ್ತು.

ಶಾಲೆಯ ಓದು ಅವರಿಗೆ ಹೆಚ್ಚು ದಕ್ಕಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಅರಸೀಕೆರೆಗೆ ಬಂದರು. ಸಿಕ್ಕಿದ ಕೆಲಸ ಮಾಡುತ್ತ, ಮುಂದೆ ಬಂಧುವೊಬ್ಬರಿಂದ ಉಡುಪಿ ಹೋಟೆಲೊಂದನ್ನು ಕೊಂಡು ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಹಾಸನದ ಜೈಲು ಕಂಡರು. ಹೊರಬಂದ ಮೇಲೆ ಹೋಟೆಲನ್ನು ತಮ್ಮನ ಕೈಗೆ ಕೊಟ್ಟು, ಗೆಳೆಯ ಡಿ. ಶಂಕರ್ ಸಿಂಗ್ ಮತ್ತಿತರರ ಜೊತೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ಶುರುಮಾಡಿದರು. ಅಂಥ ನಾಲ್ಕು ಟಾಕೀಸುಗಳ ಉಸ್ತುವಾರಿ ಅವರ ಪಾಲಿಗೆ ಬಂತು. ಬಂದ ಚಿತ್ರವನ್ನೆಲ್ಲ ಅವರು ನೋಡುತ್ತಿದ್ದರು. ಚಿತ್ರ ಮಾಡುವ ವಿದ್ಯೆ ಅವರಿಗೆ ಹತ್ತಿದ್ದು ಹಾಗೆ ನೋಡಿ ನೋಡಿ.

ಟೂರಿಂಗ್ ಟಾಕೀಸು ಕಾಣದ ತಲೆಮಾರಿಗೆ ಅದನ್ನು ಸ್ವಲ್ಪ ವಿವರಿಸಬೇಕು. ಊರ ಹೊರಗಿನ ಬಯಲಿನಲ್ಲಿ ಗೂಟ ಹೊಡೆದು ಎಬ್ಬಿಸಿದ ಡೇರೆ. ಒಳಗೆ ಮರಳು ಹಾಸಿದ ನೆಲ, ಹಿಂದೆ ಬೆಂಚು, ಅದರ ಹಿಂದೆ ಒಂದಿಷ್ಟು ಕುರ್ಚಿ. ಟಿಕೆಟ್ಟಿನ ದರವೂ ಅದೇ ಕ್ರಮದಲ್ಲಿ ಏರುತ್ತದೆ. ಹಗಲಿಡೀ ಗಾಡಿಯೊಂದು ಪೋಸ್ಟರು ಕಟ್ಟಿಕೊಂಡು ಸುತ್ತಲ ಹಳ್ಳಿಗಳಲ್ಲಿ ಸಾರುತ್ತ ತಿರುಗುತ್ತದೆ. ಕತ್ತಲಾದ ಮೇಲೆ ಭಕ್ತಿಗೀತೆಯೊಂದು ಧ್ವನಿವರ್ಧಕದಲ್ಲಿ ಮೊಳಗಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಲೆಕ್ಕ. ಫಿಲ್ಮಿನ ಸುರುಳಿಗಳು ತಗಡಿನ ಪೆಟ್ಟಿಗೆಯಲ್ಲಿ ರೈಲಿನಲ್ಲಿ ಬರುತ್ತವೆ. ಪ್ರೊಜೆಕ್ಟರ್ ಸಾಮಾನ್ಯವಾಗಿ ಒಂದೇ. ಒಂದು ಸುರುಳಿ ಮುಗಿದಾಗ ದೀಪ ಹಾಕಿ ಇನ್ನೊಂದನ್ನು ಏರಿಸುತ್ತಾರೆ. ಬೆಳಕು ಹುಟ್ಟುವುದು ಎರಡು ಕಾರ್ಬನ್ ಕಡ್ಡಿಗಳ ತುದಿ ನಡುವೆ ಹಾರುವ ವಿದ್ಯುತ್ ಕಿಡಿಯಿಂದ. ಕಡ್ಡಿಗಳು ಸವೆಯುತ್ತಿದ್ದ ಹಾಗೆ ಆಪರೇಟರು ಅವನ್ನು ಹತ್ತಿರ ಸರಿಸುತ್ತಲೇ ಇರಬೇಕು, ಇಲ್ಲದಿದ್ದರೆ ತೆರೆ ಮಂಕಾಗಿ ನೆಲದ ಕಡೆಯಿಂದ ಸಿಳ್ಳೆ ಬರುತ್ತದೆ. ಆ ಕಾಲದ ಫಿಲ್ಮು ನೈಟ್ರೇಟಿನದು. ಕಿಡಿ ತಾಗಿದರೆ ಭಗ್ಗೆಂದು ಉರಿಯುವ ವಸ್ತು ಅದು. ಅಂಥ ಫಿಲ್ಮನ್ನು ಅಂಥ ಬೆಳಕಿನ ಮುಂದೆ, ಬಟ್ಟೆಯ ಡೇರೆಯಲ್ಲಿ, ದಿನವೂ ಓಡಿಸುತ್ತಿದ್ದರು.

ಇಲ್ಲಿ ಕೆಲಸ ಮಾಡಿದವನಿಗೆ ಎರಡು ಸಂಗತಿ ತಾನಾಗಿ ಗೊತ್ತಾಗುತ್ತವೆ. ಸಿನಿಮಾ ಎಂಬುದು ಬಿಡಿಬಿಡಿ ಚಿತ್ರಗಳ ಸಾಲು ಎಂಬುದು ಮೊದಲನೆಯದು. ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಸರಿದುಹೋಗುತ್ತವೆ. ಒಂದು ಅಡಿ ಉದ್ದದ ಫಿಲ್ಮಿನಲ್ಲಿ 16 ಚಿತ್ರ. ಒಂದು ನಿಮಿಷದ ಸಿನಿಮಾಕ್ಕೆ 90 ಅಡಿ. ಈ ಒಂದೊಂದು ಚಿತ್ರವನ್ನು ಕಸುಬಿನವರು ಫ್ರೇಮು ಎನ್ನುತ್ತಾರೆ. ಹರಿದ ಫಿಲ್ಮನ್ನು ಅಂಟಿಸುವಾಗ ನಾಲ್ಕು ಫ್ರೇಮು ಹಾಳಾಗಿ ಕತ್ತರಿಸಿದರೆ ಪರದೆಯ ಮೇಲಿನ ಮನುಷ್ಯ ಇದ್ದಲ್ಲಿಂದ ತುಸು ಆಚೆಗೆ ನೆಗೆದು ನಿಲ್ಲುತ್ತಾನೆ. ಆಪರೇಟರಿಗೆ ಅದು ದೋಷ. ಆ ದೋಷವನ್ನೇ ಬೇಕೆಂದು ಮಾಡಿದರೆ ಅದು ಮಾಯೆ. ಎರಡನೆಯ ಸಂಗತಿ, ಜನ ಯಾವಾಗ ಉಸಿರು ಬಿಗಿಹಿಡಿಯುತ್ತಾರೆ ಎಂಬುದು. ಡೇರೆಯ ಬಾಗಿಲಲ್ಲಿ ನಿಂತವನಿಗೆ ಪರದೆಯೂ ಕಾಣುತ್ತದೆ, ನೋಡುವವರ ಮುಖವೂ ಕಾಣುತ್ತದೆ. ಈ ಎರಡನೆಯ ಪಾಠ ಯಾವ ಸ್ಟುಡಿಯೋದಲ್ಲೂ ಸಿಗುವುದಲ್ಲ.

ನೋಡುವವರಾದರೂ ಅಮಾಯಕರೇನಲ್ಲ. ಅರಳಗುಪ್ಪೆ ಮೂಡಲಪಾಯ ಯಕ್ಷಗಾನಕ್ಕೆ ಹೆಸರಾದ ಊರು. ಕರಾವಳಿಯ ಯಕ್ಷಗಾನದಿಂದ ಬೇರೆಯಾದ ಬಯಲುಸೀಮೆಯ ಈ ಆಟದ ಪ್ರಸಂಗಗಳಲ್ಲಿ ಕರಿಭಂಟನ ಕಥೆ ಬಹಳ ಜನಪ್ರಿಯ. ಅದರಲ್ಲಿ ಪುಂಡರೀಕಾಕ್ಷಿ ಎಂಬ ರಕ್ಕಸಿ ಚೆಲುವೆಯ ರೂಪ ತಾಳಿ ನಾಯಕನ ಬೆನ್ನುಬೀಳುತ್ತಾಳೆ. ಬಯಲಾಟದಲ್ಲಿ ರಾಕ್ಷಸ ಪಾತ್ರ ಒಮ್ಮೆಗೇ ರಂಗಕ್ಕೆ ಬರುವುದಿಲ್ಲ. ಇಬ್ಬರು ಒಂದು ಬಟ್ಟೆ ಹಿಡಿದು ನಿಲ್ಲುತ್ತಾರೆ, ಅದು ತೆರೆ. ಅದರ ಹಿಂದೆ ಅಬ್ಬರ ಕೇಳಿಸುತ್ತದೆ, ಕಿರೀಟದ ತುದಿ ಕಾಣುತ್ತದೆ, ಬಟ್ಟೆ ಅಲುಗುತ್ತದೆ. ಪಂಜಿನ ಮೇಲೆ ರಾಳದ ಪುಡಿ ಎರಚುತ್ತಾರೆ. ರಾಳವೆಂದರೆ ಮರದ ಅಂಟು. ಪುಡಿ ಮಾಡಿ ಬೆಂಕಿಗೆ ತೂರಿದರೆ ಜ್ವಾಲೆ ಆಳೆತ್ತರ ಏಳುತ್ತದೆ. ಕಣ್ಣು ಕೋರೈಸಿ ಮತ್ತೆ ಹೊಂದಿಕೊಳ್ಳುವಷ್ಟರಲ್ಲಿ ತೆರೆ ಸರಿದು ರಾಕ್ಷಸ ಎದುರಿಗೆ ನಿಂತಿರುತ್ತಾನೆ. ಇದೇ ಊರಿನ ಕಲ್ಲೇಶ್ವರ ದೇವಾಲಯದ ಒಳಛತ್ತಿನಲ್ಲಿ ಸುಮಾರು ಸಾವಿರದ ನೂರು ವರ್ಷದ ಹಿಂದೆಯೇ ಯಾರೋ ಕುಣಿಯುವ ಶಿವನನ್ನೂ ಅವನ ಸುತ್ತ ವಾಹನವೇರಿದ ಅಷ್ಟದಿಕ್ಪಾಲಕರನ್ನೂ ಆಕಾಶದಲ್ಲಿ ತೇಲುವ ವಿದ್ಯಾಧರರನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಕತ್ತೆತ್ತಿ ನೋಡಿ ಬೆರಗಾಗುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಡೇರೆಯಲ್ಲಿ ಕೂತವರಿಗೆ ಮಾಯೆಯ ಕಥೆ ಗೊತ್ತಿತ್ತು. ಅವರು ಕಾಸು ಕೊಟ್ಟು ಬಂದದ್ದು ಅದನ್ನು ತೆರೆ ಹಿಡಿಯದೆ ಹೇಗೆ ಮಾಡುತ್ತಾರೆಂದು ನೋಡಲು.

ಟಾಕೀಸಿನ ಗೆಳೆಯರು ಮೈಸೂರಿಗೆ ಹೋಗಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. 1949ರಲ್ಲಿ ‘ನಾಗಕನ್ನಿಕಾ’ ಬಂತು. 1951ರಲ್ಲಿ ಶಂಕರ್ ಸಿಂಗ್ ನಿರ್ದೇಶನದ, ವಿಠಲಾಚಾರ್ಯರ ನಿರ್ಮಾಣದ ಕನ್ನಡದ ‘ಜಗನ್ಮೋಹಿನಿ’ ಬಂತು. ಪ್ರತಿಮಾದೇವಿ, ಹರಿಣಿ ಅಭಿನಯಿಸಿದ ಈ ಚಿತ್ರವನ್ನು ಚಿತ್ರಮಂದಿರದಲ್ಲಿ ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಹೇಳಲಾಗುತ್ತದೆ. ದಾವಣಗೆರೆಯಲ್ಲಿ ಇದನ್ನು ನೋಡಲು ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಟಿಕೆಟ್ಟಿನ ಕಾಸಿಗಾಗಿ ಮನೆಯ ಸಾಮಾನು ಮಾರಿದವರೂ ಇದ್ದರು ಎಂಬ ಮಾತು ಚಿತ್ರರಂಗದಲ್ಲಿ ಇನ್ನೂ ಓಡಾಡುತ್ತಿದೆ. ಮಾತಿನಲ್ಲಿ ಉಪ್ಪು ಖಾರ ಸೇರಿರಬಹುದು. ಹರಿಣಿಯ ಈಜುಡುಗೆಗೂ ಈ ನೂಕುನುಗ್ಗಲಿಗೂ ಇದ್ದ ಸಂಬಂಧವನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ಮಾಯೆಯ ಕಥೆಯೊಂದನ್ನು ಮತ್ತೆ ಮತ್ತೆ ನೋಡುವ, ನೋಡಿ ಬಂದು ನೋಡದವರಿಗೆ ಹೇಳುವ ಅಭಿಮಾನಿ ಬಳಗವೊಂದು ಕನ್ನಡದಲ್ಲಿ ಹುಟ್ಟಿದ್ದು ಆಗ. ಆಮೇಲೆ ವಿಠಲಾಚಾರ್ಯರು ತಮ್ಮದೇ ವಿಠಲ್ ಪ್ರೊಡಕ್ಷನ್ಸ್ ಸ್ಥಾಪಿಸಿ ‘ರಾಜ್ಯಲಕ್ಷ್ಮಿ’ಯಿಂದ ನಿರ್ದೇಶಕರಾದರು, ಮದ್ರಾಸಿಗೆ ಹೋದರು, ತೆಲುಗಿನಲ್ಲಿ ನೆಲೆನಿಂತರು. 1963ರಲ್ಲಿ ರಾಜ್‌ಕುಮಾರ್ ಅವರ ‘ವೀರಕೇಸರಿ’ಯನ್ನು ನಿರ್ದೇಶಿಸಿದವರು ಇವರೇ.

ಇನ್ನು ಮಾಯೆಯ ವಿಚಾರ. ಕಂಪ್ಯೂಟರು ಇಲ್ಲದ ಆ ದಿನಗಳಲ್ಲಿ ಮಾಯೆಯ ಬಹುಪಾಲು ಕ್ಯಾಮೆರಾದ ಹೊಟ್ಟೆಯೊಳಗೇ ಆಗಬೇಕಿತ್ತು. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಎಲ್ಲಕ್ಕಿಂತ ಹಳೆಯದು ನಿಲ್ಲಿಸಿ ಬದಲಿಸುವ ತಂತ್ರ. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆ 1896ರ ಹೊತ್ತಿಗೇ ಇದನ್ನು ಬಳಸಿದ್ದ. ನಮ್ಮ ದಾದಾಸಾಹೇಬ್ ಫಾಲ್ಕೆಯವರೂ ಬಳಸಿದರು. ಮಂತ್ರವಾದಿ ಕೈ ಎತ್ತುತ್ತಾನೆ, ರಾಜಕುಮಾರ ಗಿಳಿಯಾಗುತ್ತಾನೆ. ಚಿತ್ರೀಕರಣದ ಜಾಗದಲ್ಲಿ ನಡೆಯುವುದು ಇಷ್ಟು: ಮಂತ್ರವಾದಿ ಕೈ ಎತ್ತಿದೊಡನೆ ನಿರ್ದೇಶಕರು ಕೂಗುತ್ತಾರೆ, ಎಲ್ಲರೂ ಇದ್ದ ಭಂಗಿಯಲ್ಲೇ ಕಲ್ಲಾಗುತ್ತಾರೆ, ಕ್ಯಾಮೆರಾ ನಿಲ್ಲುತ್ತದೆ. ರಾಜಕುಮಾರ ಎದ್ದು ಹೋಗುತ್ತಾನೆ. ಅವನಿದ್ದ ಜಾಗದಲ್ಲಿ ಗಿಳಿ ಇಡುತ್ತಾರೆ. ಗಿಳಿ ಸುಮ್ಮನೆ ಕೂರುವವರೆಗೆ ಮಂತ್ರವಾದಿಯ ಕೈ ಗಾಳಿಯಲ್ಲೇ ಇರಬೇಕು. ಬೆರಳು ಒಂದಿಂಚು ಇಳಿದರೂ ಪರದೆಯ ಮೇಲೆ ಅದು ಜಿಗಿದಂತೆ ಕಾಣುತ್ತದೆ. ಮತ್ತೆ ಕ್ಯಾಮೆರಾ ಓಡುತ್ತದೆ. ನಿಂತಿದ್ದ ಕ್ಯಾಮೆರಾ ವೇಗ ಹಿಡಿಯುವಾಗ ಮೊದಲ ಕೆಲವು ಫ್ರೇಮುಗಳಿಗೆ ಬೆಳಕು ಹೆಚ್ಚಾಗಿ ಬಿದ್ದು ಬೆಳ್ಳಗಾಗಿರುತ್ತವೆ. ಸಂಕಲನಕಾರ ಮೇಜಿನ ಮುಂದೆ ಕೂತು ಅಷ್ಟನ್ನು ಎಣಿಸಿ ಕತ್ತರಿಸಿ ಎರಡು ತುದಿಗಳನ್ನು ಅಂಟಿಸುತ್ತಾನೆ. ಇಷ್ಟೆಲ್ಲ ಮಾಡಿದರೂ ಬೆಸುಗೆ ಒಂಚೂರು ಕಾಣುವುದುಂಟು. ಅದಕ್ಕಾಗಿ ಬದಲಾವಣೆಯ ಕ್ಷಣದಲ್ಲಿ ಹೊಗೆಯ ಉಂಡೆಯೊಂದನ್ನು ಎಬ್ಬಿಸುತ್ತಾರೆ. ಬಯಲಾಟದ ರಾಳ ಮಾಡುತ್ತಿದ್ದ ಕೆಲಸವೇ ಇದು: ಕಣ್ಣನ್ನು ಒಂದು ಗಳಿಗೆ ಆಚೆ ಸೆಳೆಯುವುದು.

ಸಂಬಳ ಹೆಚ್ಚು ಕೇಳಿದ ಅಥವಾ ಚಿತ್ರೀಕರಣಕ್ಕೆ ಬಾರದೆ ಸತಾಯಿಸಿದ ನಟರನ್ನು ವಿಠಲಾಚಾರ್ಯರು ಕಥೆಯಲ್ಲಿ ಗಿಳಿಯೋ ಕೋತಿಯೋ ಮಾಡಿ, ಉಳಿದ ಚಿತ್ರವನ್ನು ಅವರಿಲ್ಲದೆಯೇ ಮುಗಿಸುತ್ತಿದ್ದರೆಂದು ಒಂದು ಕಥೆಯುಂಟು. ನಿಜವೋ ಸುಳ್ಳೋ, ಈ ತಂತ್ರ ಎಷ್ಟು ಅಗ್ಗವಾದದ್ದು ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಒಬ್ಬನೇ ನಟ ಇಬ್ಬರಾಗಿ ಎದುರುಬದುರು ನಿಲ್ಲುವುದು ಅಷ್ಟು ಅಗ್ಗದ್ದಲ್ಲ. ಇದಕ್ಕೆ ಮಾಸ್ಕ್ ಶಾಟ್ ಎನ್ನುತ್ತಾರೆ. ಮನೆಯ ಮುಂದೆ ತಗಡಿನ ಅಚ್ಚಿಟ್ಟು ರಂಗೋಲಿ ಹಾಕುವಾಗ ತೂತಿರುವ ಕಡೆ ಮಾತ್ರ ಪುಡಿ ಇಳಿಯುವಂತೆ, ಇಲ್ಲಿ ಲೆನ್ಸಿನ ಮುಂದೆ ಕಪ್ಪು ತಗಡನ್ನು ಅಡ್ಡವಿಟ್ಟರೆ ಮುಚ್ಚದ ಭಾಗದಲ್ಲಿ ಮಾತ್ರ ಫಿಲ್ಮಿನ ಮೇಲೆ ಬೆಳಕು ಬೀಳುತ್ತದೆ. ಮೊದಲು ಬಲ ಅರ್ಧ ಮುಚ್ಚಿ, ನಟ ಎಡಗಡೆ ನಿಂತು ತನ್ನ ಪಾತ್ರ ಮಾಡುತ್ತಾನೆ. ಆಮೇಲೆ ಫಿಲ್ಮನ್ನು ಕ್ಯಾಮೆರಾದೊಳಗೇ ಹಿಂದಕ್ಕೆ ಸುತ್ತಬೇಕು. ಹತ್ತು ಸೆಕೆಂಡಿನ ದೃಶ್ಯವಾದರೆ 240 ಫ್ರೇಮು. ಕ್ಯಾಮೆರಾದ ಪಕ್ಕದಲ್ಲಿರುವ ಎಣಿಕೆಯ ಮುಳ್ಳನ್ನು ನೋಡುತ್ತ ಅಷ್ಟನ್ನೇ ಸುತ್ತಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸುತ್ತುವಾಗ ಲೆನ್ಸಿಗೆ ಮುಚ್ಚಳವಿರಬೇಕು. ಬಳಿಕ ಎಡ ಅರ್ಧ ಮುಚ್ಚಿ, ನಟ ವೇಷ ಬದಲಿಸಿ ಬಂದು ಬಲಗಡೆ ನಿಲ್ಲುತ್ತಾನೆ, ಅದೇ ಫಿಲ್ಮಿನ ಮೇಲೆ ಎರಡನೆಯ ಸಲ ಚಿತ್ರೀಕರಣ ನಡೆಯುತ್ತದೆ.

ಹೇಳುವುದು ಸುಲಭ. ಮಾಡುವವರ ಪಾಡು ನೋಡಿ. ಮುಕುಟ, ಮೀಸೆ, ಬಣ್ಣ ಎಲ್ಲ ಬದಲಿಸಿ ಬರಲು ನಟನಿಗೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಕ್ಯಾಮೆರಾ ಕೂದಲೆಳೆಯಷ್ಟು ಕದಲಬಾರದು. ಕಾಲುಗಳಿಗೆ ಮರಳಿನ ಚೀಲ ಕಟ್ಟಿರುತ್ತಾರೆ, ಸುತ್ತ ಯಾರೂ ಓಡಾಡದಂತೆ ಕಾವಲಿರುತ್ತದೆ. ದೀಪಗಳು ಹಾಗೆಯೇ ಇರಬೇಕು. ಹೊರಗಡೆಯಾದರೆ ಎರಡು ಗಂಟೆಯಲ್ಲಿ ಸೂರ್ಯ ಸರಿದು ಒಬ್ಬನ ನೆರಳು ಈ ಕಡೆ, ಇನ್ನೊಬ್ಬನದು ಆ ಕಡೆ ಬಿದ್ದಿರುತ್ತದೆ. ಅದಕ್ಕೇ ಇಂಥವನ್ನು ಆದಷ್ಟೂ ಸ್ಟುಡಿಯೋದೊಳಗೇ ಮಾಡುತ್ತಾರೆ. ಎರಡು ಅರ್ಧಗಳ ನಡುವಿನ ಗೆರೆಯನ್ನು ಕಂಬದ ಅಂಚಿಗೋ ಬಾಗಿಲ ಚೌಕಟ್ಟಿಗೋ ಹೊಂದಿಸಿರುತ್ತಾರೆ. ನಟನ ಕೈ ಆ ಗೆರೆ ದಾಟಿದರೆ ಬೆರಳುಗಳು ಗಾಳಿಯಲ್ಲಿ ಮಾಯವಾಗುತ್ತವೆ. ನೆಲದ ಮೇಲೆ ಸೀಮೆಸುಣ್ಣದ ಗುರುತು, ಎದುರಿನವನ ಕಣ್ಣಿರಬೇಕಾದ ಎತ್ತರದಲ್ಲಿ ಒಂದು ಕೋಲು. ನಟ ಆ ಕೋಲಿನ ಮೇಲೆ ಸಿಟ್ಟಾಗಬೇಕು, ಕೋಲಿಗೆ ಸವಾಲು ಹಾಕಬೇಕು, ಕೋಲು ಉತ್ತರ ಕೊಡುವಷ್ಟು ಹೊತ್ತು ಮನಸ್ಸಿನಲ್ಲೇ ಎಣಿಸುತ್ತ ಮುಖದಲ್ಲಿ ಕೇಳುವ ಭಾವ ಇಟ್ಟುಕೊಳ್ಳಬೇಕು. ಸಹಾಯಕನೊಬ್ಬ ಪಕ್ಕದಲ್ಲಿ ನಿಂತು ಎದುರಿನವನ ಮಾತು ಓದುತ್ತಾನೆ, ಅಷ್ಟೇ. 1977ರ ‘ಬಬ್ರುವಾಹನ’ದಲ್ಲಿ ರಾಜ್‌ಕುಮಾರ್ ಅರ್ಜುನನಾಗಿ, ಬಬ್ರುವಾಹನನಾಗಿ ತಮ್ಮನ್ನೇ ತಾವು ಕೆಣಕುವುದನ್ನು ಮೆಚ್ಚಿ ನೋಡುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ಇನ್ನೊಮ್ಮೆ ನೋಡಬೇಕು. ದ್ವಿಪಾತ್ರದಲ್ಲಿ ಕಷ್ಟವಾದದ್ದು ಆಡುವ ಮಾತಲ್ಲ, ಆಡದೆ ಕಾಯುವ ಕ್ಷಣ.

ಇಷ್ಟಾದ ಮೇಲೂ ಕೆಲಸ ಸರಿಯಾಯಿತೋ ಇಲ್ಲವೋ ಸ್ಥಳದಲ್ಲಿ ತಿಳಿಯುವಂತಿಲ್ಲ. ಈಗಿನಂತೆ ಪಕ್ಕದಲ್ಲಿ ಮಾನಿಟರ್ ಇರಲಿಲ್ಲ. ಫಿಲ್ಮು ಲ್ಯಾಬಿಗೆ ಹೋಗಿ, ತೊಳೆದು, ಅಚ್ಚಾಗಿ ಬಂದ ಮೇಲಷ್ಟೇ ಗೊತ್ತಾಗುವುದು. ಎರಡನೆಯ ಸಲ ತಪ್ಪಾದರೆ ಮೊದಲ ಸಲದ ಒಳ್ಳೆಯ ಕೆಲಸವೂ ಹೋದಂತೆಯೇ, ಏಕೆಂದರೆ ಎರಡೂ ಒಂದೇ ಫಿಲ್ಮಿನ ಮೇಲಿವೆ.

ಮೋಹಿನಿ, ದೆವ್ವ, ಆಕಾಶದಲ್ಲಿ ತೇಲುವ ತಲೆ, ಇವುಗಳಿಗೆಲ್ಲ ಆಧಾರ ಕಪ್ಪು ಮಖಮಲ್ಲು. ಫಿಲ್ಮಿನ ಮೇಲೆ ಗುರುತು ಬೀಳಲು ಬೆಳಕು ಬೇಕು. ಕಪ್ಪು ಮಖಮಲ್ಲು ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಅದು ಇರುವ ಜಾಗ ಫಿಲ್ಮಿನ ಪಾಲಿಗೆ ಖಾಲಿ. ಕಪ್ಪು ಪರದೆಯ ಮುಂದೆ ನಟಿಯನ್ನು ನಿಲ್ಲಿಸಿ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದರ ಮೇಲೇ ಅರಮನೆಯ ಕೋಣೆಯನ್ನು ಚಿತ್ರೀಕರಿಸಿದರೆ ಅವಳ ಮೈ ಮೂಲಕ ಗೋಡೆ ಕಾಣುತ್ತದೆ. ಪಾರದರ್ಶಕ ದೆವ್ವ ಸಿದ್ಧ. ಅವಳಿಗೆ ಬೆಳಕು ಹೆಚ್ಚು ಕೊಟ್ಟರೆ ದೆವ್ವ ಗಟ್ಟಿಯಾಗುತ್ತದೆ, ಕಡಿಮೆ ಮಾಡಿದರೆ ಹೊಗೆಯಂತಾಗುತ್ತದೆ. ನಟನ ಮೈಗೆ ಕತ್ತಿನವರೆಗೆ ಕಪ್ಪು ಬಟ್ಟೆ ಸುತ್ತಿದರೆ ರುಂಡ ಮಾತ್ರ ಉಳಿದು ಗಾಳಿಯಲ್ಲಿ ನಗುತ್ತದೆ. ಬೆಳಕಿನ ಈ ಹದ ಅಳೆಯಲು ಮೀಟರು ಇದ್ದರೂ ಕೊನೆಯ ತೀರ್ಮಾನ ಛಾಯಾಗ್ರಾಹಕನ ಅನುಭವದ್ದೇ.

ಕಪ್ಪು ಬಣ್ಣ ಇನ್ನೊಂದು ಬಗೆಯಲ್ಲೂ ಒದಗಿತು. ಹಿಂದಿಯ ತಂತ್ರ ಛಾಯಾಗ್ರಹಣದ ಹಿರಿಯ ಬಾಬುಭಾಯಿ ಮಿಸ್ತ್ರಿ 1937ರ ‘ಖ್ವಾಬ್ ಕೀ ದುನಿಯಾ’ದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳನ್ನು ತಾವಾಗಿಯೇ ಓಡಾಡುವಂತೆ ತೋರಿಸಿದರು. ಅವರಿಗೆ ‘ಕಾಲಾ ಧಾಗಾ’ ಎಂಬ ಅಡ್ಡಹೆಸರೇ ಬಿತ್ತು. ಹಾರುವ ಕತ್ತಿ, ತಾನೇ ಬಾಗುವ ಬಿಂದಿಗೆ, ಇವೆಲ್ಲ ಆ ದಾರದ ವಂಶದವು.

ಒಲೆಯೊಳಗಿನ ಕಾಲಿನಂಥ ದೃಶ್ಯವನ್ನು ಕಟ್ಟಲು ಇಷ್ಟೊಂದು ಕಸರತ್ತೂ ಬೇಕಿಲ್ಲ. ನಟಿ ಕೂರುವ ಜಾಗದಲ್ಲಿ ಹಳ್ಳ ತೋಡಿ ನಟಿಯ ನಿಜವಾದ ಕಾಲನ್ನು ಮಡಚಿ ಬಚ್ಚಿಡಬಹುದು. ಸೀರೆಯ ಅಂಚಿನಿಂದ ಮುಂದಕ್ಕೆ ಅಚ್ಚಿನಲ್ಲಿ ಎರಕ ಹೊಯ್ದ ಕಾಲನ್ನು ಜೋಡಿಸಬಹುದು. ಕಷ್ಟವಿರುವುದು ಸೇರುವ ಜಾಗದಲ್ಲಿ. ಅಲ್ಲಿ ಮೈಬಣ್ಣ ಹೊಂದಬೇಕು, ಬಟ್ಟೆಯ ಮಡಿಕೆ ಸಹಜವಾಗಿ ಬೀಳಬೇಕು, ನಟಿ ಕದಲಿದಾಗ ಸುಳ್ಳು ಕಾಲೂ ಕದಲಬೇಕು. ಮಿಕ್ಕದ್ದು ಅವಳ ಮುಖದ ಕೆಲಸ. ಅವಳು ಉರಿಯ ಕಡೆ ನೋಡದೆ ಸೌಟು ತಿರುಗಿಸುತ್ತಿದ್ದರೆ ನಾವು ನಂಬುತ್ತೇವೆ. ವಿಠಲಾಚಾರ್ಯರ ಚಿತ್ರಗಳ ದೆವ್ವಗಳು ಮನೆಗೆಲಸ ಬಲ್ಲವು ಎಂಬುದೇ ಅವುಗಳ ಶಕ್ತಿ. ಬೇರೆಯವರ ದೆವ್ವಗಳು ಮಸಣದಲ್ಲಿ ಅಲೆಯುತ್ತಿದ್ದಾಗ ಇವರದು ಅಡುಗೆಮನೆಗೆ ಬಂತು.

ಹಿಮ್ಮುಖ ಓಟದ ತಂತ್ರ ನೋಡಲು ತಮಾಷೆ. ನೆಲದ ಮೇಲಿನ ಕತ್ತಿ ಚಿಮ್ಮಿ ವೀರನ ಕೈಸೇರಬೇಕು ಅಥವಾ ವೀರ ನೆಲದಿಂದ ಮಾಳಿಗೆಗೆ ಹಾರಬೇಕು. ಕ್ಯಾಮೆರಾವನ್ನು ಹಿಂದುಮುಂದಾಗಿ ಓಡಿಸಿ, ಅವನು ಮಾಳಿಗೆಯಿಂದ ಕೆಳಕ್ಕೆ ನೆಗೆಯುವುದನ್ನು ಚಿತ್ರೀಕರಿಸುತ್ತಾರೆ. ನೆಗೆಯುವ ಮುನ್ನ ಅವನು ಹಿಂದಕ್ಕೆ ಹೆಜ್ಜೆಯಿಡುತ್ತ ಬಂದಿರಬೇಕು, ಮುಖದ ಭಾವವೂ ಕೊನೆಯಿಂದ ಮೊದಲಿಗೆ ಬದಲಾಗಬೇಕು. ಹಿಂದೆ ಒಲೆಯ ಹೊಗೆಯೋ ಹರಿಯುವ ನೀರೋ ಇದ್ದರೆ ಗುಟ್ಟು ರಟ್ಟಾಯಿತು. ಹೊಗೆ ಒಲೆಯೊಳಕ್ಕೆ ಇಳಿಯುತ್ತದೆ.

ಉರಿಯುವ ಕೋಟೆ, ಮುಳುಗುವ ದ್ವೀಪ ಇವೆಲ್ಲ ಸಣ್ಣ ಮಾದರಿಗಳು. ಇಲ್ಲಿ ಲೆಕ್ಕ ಸ್ವಾರಸ್ಯವಾಗಿದೆ. ಮಾದರಿಯ ಗೋಪುರ ನೆಲಕ್ಕುರುಳಲು ನಿಜವಾದ ಗೋಪುರಕ್ಕಿಂತ ಬಹಳ ಕಡಿಮೆ ಹೊತ್ತು ಸಾಕು, ಹಾಗಾಗಿ ಅದು ಆಟಿಕೆಯಂತೆ ಕಾಣುತ್ತದೆ. ಇದಕ್ಕೆ ಮದ್ದು, ಕ್ಯಾಮೆರಾವನ್ನು ವೇಗವಾಗಿ ಓಡಿಸುವುದು. ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ವೇಗ ಹೆಚ್ಚಬೇಕು. ಹದಿನಾರರಲ್ಲಿ ಒಂದು ಪಾಲಿನ ಕೋಟೆಗೆ ನಾಲ್ಕು ಪಟ್ಟು, ಅಂದರೆ ಸೆಕೆಂಡಿಗೆ 96 ಫ್ರೇಮು. ಪ್ರದರ್ಶನದಲ್ಲಿ ಅದು 24ರ ವೇಗದಲ್ಲಿ ಓಡಿದಾಗ ಕೋಟೆ ನಿಧಾನವಾಗಿ, ಭಾರವಾಗಿ ಕುಸಿಯುತ್ತದೆ. ನೀರಿನ ಹನಿಯನ್ನು ಮಾತ್ರ ಚಿಕ್ಕದು ಮಾಡಲಾಗುವುದಿಲ್ಲ. ಹಳೆಯ ಚಿತ್ರಗಳ ಸಮುದ್ರದ ಬಿರುಗಾಳಿ ಇಂದು ನಗು ತರಿಸುವುದು ಅದಕ್ಕೇ.

ದೊಡ್ಡ ಸೆಟ್ಟುಗಳ ವಿಚಾರದಲ್ಲಿ ತೆಂಗಿನ ನಾಡಿನವರಿಗೆ ಖುಷಿಯಾಗುವ ಒಂದು ಮಾತಿದೆ. ಅರಮನೆಯ ಕಂಬ, ಕಮಾನು, ರಾಕ್ಷಸ ಗುಹೆಯ ಬಾಯಿ ಎಲ್ಲವನ್ನೂ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ಯುತ್ತಾರೆ. ಬರಿಯ ಪ್ಲಾಸ್ಟರು ಬಿರುಕು ಬಿಡುತ್ತದೆ. ಅದನ್ನು ಹಿಡಿದಿಡಲು ಅಚ್ಚಿನೊಳಗೆ ತೆಂಗಿನ ನಾರನ್ನು ಎಳೆ ಬಿಡಿಸಿ ಹಾಸುತ್ತಾರೆ, ಅದರ ಮೇಲೆ ಪ್ಲಾಸ್ಟರಿನ ಹಾಲು ಸುರಿಯುತ್ತಾರೆ. ಒಣಗಿದ ಮೇಲೆ ಚಿಪ್ಪಿನಂತೆ ತೆಳುವಾದ, ಇಬ್ಬರು ಹೊತ್ತೊಯ್ಯಬಹುದಾದ ಕಂಬ ಸಿಗುತ್ತದೆ. ಬಣ್ಣ ಬಳಿದರೆ ಅಮೃತಶಿಲೆ. ಒಂದು ಚಿತ್ರದ ಸಿಂಹಾಸನದ ಮನೆ ಗೋಡೆಯ ಬಣ್ಣ ಬದಲಿಸಿಕೊಂಡು ಇನ್ನೊಂದರಲ್ಲಿ ಮಂತ್ರವಾದಿಯ ಬಿಡಾರವಾಗುವುದುಂಟು.

ಇಷ್ಟೆಲ್ಲ ಗುಟ್ಟು ತಿಳಿದ ಮೇಲೆ ಮಾಯೆ ಕರಗಬೇಕಲ್ಲವೇ? ಅಭಿಮಾನಿಗಳಿಗೆ ಹಾಗಾಗಿಲ್ಲ. ಡೇರೆಯ ಮರಳಿನಲ್ಲಿ ಕೂತಿದ್ದವರು ಸರಿದುಹೋಗುವ ಫ್ರೇಮುಗಳನ್ನು ನಿಲ್ಲಿಸಲಾರದವರು. ಇಂದು ನೋಡುವವರ ಬೆರಳ ತುದಿಯಲ್ಲೇ ನಿಲ್ಲಿಸುವ ಗುಂಡಿಯಿದೆ. ಮಾಸ್ಕಿನ ಗೆರೆ ಎಲ್ಲಿ ಹಾದುಹೋಗಿದೆ, ದಾರ ಯಾವ ಕ್ಷಣ ಮಿಂಚಿತು, ಗಿಳಿಯಾಗುವಾಗ ಯಾರ ಕೈ ಅಲುಗಿತು ಎಂದು ಹುಡುಕುವುದೇ ಅವರಿಗೆ ಆಟ. ಹುಡುಕಿದಷ್ಟೂ ಪ್ರೀತಿ ಹೆಚ್ಚುತ್ತದೆ. ಬಯಲಾಟದ ರಕ್ಕಸ ಪಕ್ಕದ ಬೀದಿಯವನೆಂದು ಗೊತ್ತಿದ್ದೂ ಹೆದರುತ್ತಿದ್ದವರ ಮೊಮ್ಮಕ್ಕಳಿಗೆ ಇದು ಸಹಜವೇ. 2009ರಲ್ಲಿ ತಮಿಳಿನಲ್ಲಿ ನಮಿತಾ ಅವರೊಂದಿಗೆ ‘ಜಗನ್ಮೋಹಿನಿ’ ಮತ್ತೆ ತಯಾರಾಯಿತು, ಈ ಸಲ ಕಂಪ್ಯೂಟರಿನ ನೆರವಿನಿಂದ. ನನ್ನನ್ನು ಕೇಳಿದರೆ ಒಲೆಯ ದೃಶ್ಯಕ್ಕೆ ಸಮನಾದದ್ದು ಅದರಲ್ಲಿಲ್ಲ. ಕಂಪ್ಯೂಟರು ಮಾಡಿದ ಮಾಯೆಯಲ್ಲಿ ತಪ್ಪು ಕಂಡರೆ ಅದು ಬರಿಯ ತಪ್ಪು. ಕೈಯಿಂದ ಮಾಡಿದ ಮಾಯೆಯಲ್ಲಿ ತಪ್ಪು ಕಂಡರೆ ಅದರ ಹಿಂದೆ ಒಬ್ಬ ಮನುಷ್ಯ ಕಾಣುತ್ತಾನೆ.

ಆ ಮನುಷ್ಯರ ಹೆಸರು ಮಾತ್ರ ನಮಗೆ ಹೆಚ್ಚು ಗೊತ್ತಿಲ್ಲ. ಅರಳಗುಪ್ಪೆಯ ಚೆನ್ನಕೇಶವ ದೇವಾಲಯವನ್ನು ಹದಿಮೂರನೆಯ ಶತಮಾನದಲ್ಲಿ ಕಡೆದ ಹೊನ್ನೋಜನ ಹೆಸರು ಉಳಿದಿದೆ. ಫ್ರೇಮು ಎಣಿಸಿದವನು, ಮಖಮಲ್ಲು ಕಟ್ಟಿದವನು, ಪ್ಲಾಸ್ಟರಿಗೆ ನಾರು ಹಾಸಿದವನು, ಕಾರ್ಬನ್ ಕಡ್ಡಿ ಸರಿಸುತ್ತ ರಾತ್ರಿಯಿಡೀ ನಿಂತವನು, ಇವರ ಹೆಸರುಗಳು ಶೀರ್ಷಿಕೆಯಲ್ಲಿ ಓಡಿಹೋದವು ಅಥವಾ ಬರಲೇ ಇಲ್ಲ. ವಿಠಲಾಚಾರ್ಯರು 1999ರಲ್ಲಿ ತೀರಿಕೊಂಡರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆಯ ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರ್ ಓಡಿಸಿದವರು, ಗೇಟಿನಲ್ಲಿ ಟಿಕೆಟ್ ಹರಿದವರು, ಪೋಸ್ಟರಿನ ಗಾಡಿ ಹೊಡೆದವರು ಯಾರಾದರೂ ನಿಮ್ಮ ಊರಿನಲ್ಲಿದ್ದರೆ, ಅವರನ್ನು ಕೂರಿಸಿ ಮಾತಾಡಿಸಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.